ಷಡ್ಡಕರ ವಜ್ರಾಸನ

ನಮ್ಮ ಸೀಮೆಯಲ್ಲಿ ಹೊಸ ಯೋಗಿಗಳು ಹುಟ್ಟುವುದಕ್ಕೆ ಮೂರು ಹಂಗಾಮುಗಳಿವೆ. ಒಂದು ಜೂನ್ 21. ವಿಶ್ವಸಂಸ್ಥೆಯವರು 2014ರ ಡಿಸೆಂಬರಿನಲ್ಲಿ ಠರಾವು ಪಾಸು ಮಾಡಿ, 2015ರಿಂದ ಅದು ಯೋಗ ದಿನವಾದ ಮೇಲೆ, ತಾಲ್ಲೂಕು ಕೇಂದ್ರಗಳಲ್ಲಿ ಬೆಳಗಿನ ಜಾವಕ್ಕೇ ಜಮಖಾನ ಹಾಸಿ, ಮೈಕು ಕಟ್ಟಿ, ಬಿಳಿ ಟೀ ಶರ್ಟು ಹಂಚುತ್ತಾರೆ. ಹಾಕಿಕೊಂಡವನಿಗೆ ಮರುದಿನವೂ ಅದನ್ನೇ ಹಾಕಿಕೊಳ್ಳುವ ಆಸೆಯಾಗಿ, ಆಸೆಗೊಂದು ನೆಪ ಬೇಕಾಗಿ, ಯೋಗ ಶುರುವಾಗುತ್ತದೆ. ಎರಡನೆಯದು ರಥಸಪ್ತಮಿ. ನೂರೆಂಟು ಸೂರ್ಯನಮಸ್ಕಾರದ ಸಾಮೂಹಿಕ ಉಮೇದಿನಲ್ಲಿ ಹುಟ್ಟುವವರು ಆಗ ಹುಟ್ಟುತ್ತಾರೆ. ಮೂರನೆಯದಕ್ಕೆ ಪಂಚಾಂಗವೂ ಇಲ್ಲ, ಕ್ಯಾಲೆಂಡರೂ ಇಲ್ಲ. ಲ್ಯಾಬಿನಿಂದ ರಿಪೋರ್ಟು ಕೈಗೆ ಬಂದ ಮರುದಿನವೇ ಅದರ ಮುಹೂರ್ತ.

ಜೂನಿನ ಬೆಳೆ ಬಹಳ ದಿನ ನಿಲ್ಲುವುದಿಲ್ಲ. ಶೇಂಗಾ ಬಿತ್ತನೆ ಮುಗಿಯುವ ಹೊತ್ತಿಗೆ ಒಣಗಿರುತ್ತದೆ. ರಥಸಪ್ತಮಿಯವರು ನಾಯಕನಹಟ್ಟಿ ತೇರಿನವರೆಗೆ ಹೇಗೋ ಎಳೆಯುತ್ತಾರೆ. ರಿಪೋರ್ಟಿನಿಂದ ಹುಟ್ಟಿದವನು ಮಾತ್ರ ಗಟ್ಟಿ ತಳಿ. ಮಳೆ ಬರಲಿ, ಬಾರದಿರಲಿ, ತಡೆದುಕೊಳ್ಳುತ್ತಾನೆ. ತಡೆದುಕೊಳ್ಳಲಾಗದೆ ಒದ್ದಾಡುವವರು ಅವನ ಸುತ್ತಮುತ್ತಲಿನವರು.

ಹೊಸ ಯೋಗಿ ಮೊದಲ ದಿನ ಬಿಡುವುದು ಉಸಿರನ್ನಲ್ಲ, ಎಣ್ಣೆಯನ್ನು. ಬೇರೆ ಊರಲ್ಲಿ ಎಣ್ಣೆ ಬಿಟ್ಟರೆ ಪಥ್ಯ ಅನ್ನಬಹುದು. ಚಳ್ಳಕೆರೆಯಲ್ಲಿ ಬಿಟ್ಟರೆ ಅದು ಊರಿಗೇ ಬಗೆದ ದ್ರೋಹ. ಶೇಂಗಾ ಎಣ್ಣೆಯ ಮಿಲ್ಲುಗಳ ಮೇಲೆ ನಿಂತ ಊರಿದು. ವ್ಯಾಪಾರದ ಭರಾಟೆ ಜೋರಿದ್ದಾಗ ಎರಡನೇ ಬೊಂಬಾಯಿ ಎಂದು ಕರೆಸಿಕೊಂಡದ್ದು. ಸಂಜೆಯಾದರೆ ಮೆಣಸಿನಕಾಯಿ ಬಜ್ಜಿಯ ಗಾಡಿಯ ಮುಂದೆ ಅರ್ಧ ಊರು ನಿಂತಿರುತ್ತದೆ. ಹೊಸ ಯೋಗಿಯೂ ಅಲ್ಲೇ ನಿಂತಿರುತ್ತಾನೆ. ಅವನು ಬಜ್ಜಿಯನ್ನು ಹಳೇ ಪೇಪರಿನ ನಡುವೆ ಇಟ್ಟು, ಎರಡೂ ಅಂಗೈಯಿಂದ ಒತ್ತಿ, ಎಣ್ಣೆ ಹಿಂಡಿ, ಪೇಪರನ್ನು ಬೆಳಕಿಗೆ ಹಿಡಿದು ಎಲ್ಲರಿಗೂ ತೋರಿಸುತ್ತಾನೆ. ಆಮೇಲೆ ಬಜ್ಜಿ ತಿನ್ನುತ್ತಾನೆ. ನಮಗೆ ಮಾತ್ರ ತಿಂದದ್ದು ಗಂಟಲಲ್ಲೇ ನಿಲ್ಲುತ್ತದೆ. ಈರುಳ್ಳಿ ತಾಮಸ ಆಹಾರ ಎಂಬುದೂ ಅವನ ಹೊಸ ಸಂಶೋಧನೆ. ಗೌರಸಮುದ್ರದ ಮಾರಮ್ಮನ ಜಾತ್ರೆಯಲ್ಲಿ ಭಕ್ತಿಯಿಂದ ಈರುಳ್ಳಿ ತೂರುವ ಜನ ನಾವು. ನಮ್ಮೆದುರಿಗೆ ಈರುಳ್ಳಿಯನ್ನು ಬೈದು ದಕ್ಕಿಸಿಕೊಳ್ಳುವುದಕ್ಕೆ ಯೋಗಬಲವೇ ಬೇಕು.

ಇನ್ನು ಮ್ಯಾಟು. ಆಸನಕ್ಕೆ ಕಂಬಳಿ ಹಾಸುವುದು ಹಿಂದಿನಿಂದ ಬಂದ ಪದ್ಧತಿ, ಮತ್ತು ಕಂಬಳಿ ಎಂದರೆ ಚಳ್ಳಕೆರೆ. ಇಲ್ಲಿನ ಕುರುಬರು ನೇಯ್ದ ಕರಿ ಕಂಬಳಿಯನ್ನು ಹೊದ್ದವರು, ಹಾಸಿದವರು, ಅದರ ಮೇಲೆ ದೇವರನ್ನೂ ಕೂರಿಸಿದವರು ಎಲ್ಲೆಲ್ಲೂ ಇದ್ದಾರೆ. ನಮ್ಮೂರಿನ ಹೊಸ ಯೋಗಿ ಆ ಕಂಬಳಿಗಳ ಸಂತೆಯನ್ನು ದಾಟಿಕೊಂಡೇ ಹೋಗಿ, ಕೊರಿಯರ್ ಆಫೀಸಿನಲ್ಲಿ ಸಹಿ ಹಾಕಿ, ನೇರಳೆ ಬಣ್ಣದ ರಬ್ಬರು ಮ್ಯಾಟನ್ನು ಸುರುಳಿ ಸುತ್ತಿ ಹೆಗಲಿಗೆ ನೇತುಹಾಕಿಕೊಂಡು ಬರುತ್ತಾನೆ. ಬರುವಾಗ ಮಾತ್ರ ಪೇಟೆಯ ದೊಡ್ಡ ರಸ್ತೆಯಲ್ಲೇ ಬರುತ್ತಾನೆ. ಓಣಿ ಹಿಡಿದರೆ ಹತ್ತಿರವಾದರೂ.

ಇಲ್ಲಿಯವರೆಗೆ ನಾನು ಯಾರೋ ಒಬ್ಬರ ಬಗ್ಗೆ ಹೇಳುತ್ತಿರುವಂತೆ ನಟಿಸಿದೆ. ಇನ್ನು ಆಗುವುದಿಲ್ಲ. ನಾನು ಅನುಭವಿಸಿದ ಯೋಗಿ ಒಬ್ಬರೇ, ಅವರು ನನ್ನ ಷಡ್ಡಕರು. ನನ್ನ ಹೆಂಡತಿಯ ಅಕ್ಕನ ಗಂಡ. ಊರು ಮೊಳಕಾಲ್ಮೂರು, ರೇಷ್ಮೆ ಸೀರೆಯ ವ್ಯಾಪಾರ. ಹೆಸರು ಹೇಳಿದರೆ ಮನೆಯಲ್ಲಿ ನನಗೆ ಎರಡು ದಿನ ಊಟವಿಲ್ಲ, ಆದ್ದರಿಂದ ಹೆಸರು ಬೇಡ. ನಾನು ಅವರನ್ನು ಅಣ್ಣಾರೇ ಎನ್ನುತ್ತೇನೆ. ಅವರು ನನ್ನನ್ನು ಮೇಷ್ಟ್ರೇ ಎನ್ನುತ್ತಾರೆ. ಸ್ನೇಹಿತನ ಕಾಟವಾದರೆ ದೂರವಿಡಬಹುದು, ನೆರೆಯವನ ಕಾಟವಾದರೆ ಬಾಗಿಲು ಹಾಕಿಕೊಳ್ಳಬಹುದು. ಷಡ್ಡಕನ ಕಾಟಕ್ಕೆ ಬಾಗಿಲೇ ಇಲ್ಲ. ಹಬ್ಬಕ್ಕೆ ಅದೇ ಮಾವನ ಮನೆ, ಅದೇ ಪಡಸಾಲೆ, ಅಕ್ಕಪಕ್ಕ ಎಲೆ.

ಅವರು ಮೂರನೇ ಹಂಗಾಮಿನವರು ಎಂಬುದು ಮಾತ್ರ ನಮಗೆಲ್ಲ ಗೊತ್ತಿತ್ತು. ಎಂಥ ರಿಪೋರ್ಟು ಎಂದು ಯಾರು ಕೇಳಿದರೂ ಬಾಯಿ ಬಿಡಲಿಲ್ಲ. ಒಂದು ದಿನ ಇದ್ದಕ್ಕಿದ್ದಂತೆ ನನ್ನ ಫೋನಿಗೆ ಅವರು ಒಂದೇ ಕಾಲಲ್ಲಿ ನಿಂತ ಫೋಟೋ ಬಂತು. ವೃಕ್ಷಾಸನ. ಹಿಂದೆ ಅಂಗಡಿಯ ಸೀರೆಗಳ ಬೀರು. ಒಂದು ಕೈ ನಮಸ್ಕಾರದಲ್ಲಿ ಮೇಲೆ, ಇನ್ನೊಂದು ಕೈ ಬೀರುವಿನ ಹಿಡಿಕೆಯ ಮೇಲೆ. ಮಾರನೆಯ ದಿನ ಭುಜಂಗಾಸನ. ಅದರ ಮಾರನೆಯ ದಿನ ಯಾವ ಆಸನವೆಂದು ತಿಳಿಯಲಿಲ್ಲ. ಬಿದ್ದರೇನೋ ಎಂದು ಗಾಬರಿಯಾಗಿ ಫೋನು ಮಾಡಿದೆ. ತ್ರಿಕೋನಾಸನವಂತೆ.

ಮಾತು ಬದಲಾಯಿತು. ಮಧ್ಯಾಹ್ನದ ನಿದ್ದೆ ಯೋಗನಿದ್ರೆಯಾಯಿತು. ಅಂಗಡಿಗೆ ಗಿರಾಕಿ ಬಾರದ ದಿನಗಳನ್ನು ಪ್ರತ್ಯಾಹಾರ ಎನ್ನತೊಡಗಿದರು. ಹಾನಗಲ್, ಬಿ.ಜಿ.ಕೆರೆ, ತಳಕು ದಾಟಿ ಚಳ್ಳಕೆರೆಗೆ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಕಪಾಲಭಾತಿ ಮಾಡಿದರಂತೆ. ಪಕ್ಕದವರು ಉಬ್ಬಸ ಎಂದುಕೊಂಡು ಕಂಡಕ್ಟರಿಗೆ ಹೇಳಿ, ಕಂಡಕ್ಟರ್ ತಳಕಿನಲ್ಲಿ ಆಸ್ಪತ್ರೆ ಎಲ್ಲಿದೆ ಎಂದು ವಿಚಾರಿಸಿದನಂತೆ. ಇದನ್ನು ಅವರು ಹೆಮ್ಮೆಯಿಂದಲೇ ಹೇಳಿದರು.

ಎಲ್ಲಕ್ಕಿಂತ ನನ್ನ ಪ್ರಾಣ ತಿಂದದ್ದು ಅವರ ಶವಾಸನ. ಮನೆಗೆ ಬಂದವರು ಕಾಫಿ ಕುಡಿದು, ಅಲ್ಲೇ ನಡುಮನೆಯಲ್ಲಿ ಅಂಗಾತ ಮಲಗಿ, ಕಣ್ಣು ಮುಚ್ಚಿ, "ಮೇಷ್ಟ್ರೇ, ನಡುವಿನ ಕೆಳಗೆ ಕೈ ಹಾಕಿ ನೋಡ್ರಿ, ಸಂದು ಐತಾ?" ಎನ್ನುವರು. ಐದಾರು ಬೆರಳು ನುಗ್ಗುವಷ್ಟು ಸಂದು. ಇದೆ ಎಂದರೆ ಮುಖ ಸಣ್ಣದಾಗುತ್ತಿತ್ತು. ಇಲ್ಲ ಎಂದರೆ ಸುಳ್ಳು ಹೇಳ್ತೀರಿ ಎನ್ನುತ್ತಿದ್ದರು. ಆಮೇಲೆ ನನ್ನ ಸರದಿ. "ನೀವು ಮಲಗ್ರಿ, ನಿಮ್ಮದು ತಾಗ್ತದಾ ನೋಡಾನ." ನನ್ನದು ಸಲೀಸಾಗಿ ತಾಗುತ್ತಿತ್ತು. ಬಗ್ಗಿದರೆ ಕೈ ಮೊಣಕಾಲು ದಾಟದ, ಹೊಟ್ಟೆಯ ದೆಸೆಯಿಂದ ಪಾದಹಸ್ತಾಸನದಲ್ಲಿ ಪಾದವನ್ನೇ ಕಾಣದ ನನ್ನಂಥವನಿಗೆ, ಸುಮ್ಮನೆ ಮಲಗುವ ಆಸನದಲ್ಲಾದರೂ ಪ್ರಾವೀಣ್ಯ ಇರಬೇಡವೇ? ಅವರು ಮಾತ್ರ ನನ್ನ ಬೆನ್ನಿನ ಕೆಳಗೆ ಬೆರಳು ತೂರಿಸಲು ನೋಡಿ, ತೂರದೆ, ಬಹಳ ಹೊತ್ತು ಸುಮ್ಮನಿರುತ್ತಿದ್ದರು.

ಹೀಗಿರುವಾಗ ಅವರಿಗೆ ಯಾರೋ ಕೃಷ್ಣಮಾಚಾರ್ಯರ ವಿಷಯ ಹೇಳಿದರು. ಹೇಳಿದವರು ಸಿಕ್ಕರೆ ನಾನು ಎರಡು ಮಾತು ಆಡಬೇಕಾಗಿದೆ. ತಿರುಮಲೈ ಕೃಷ್ಣಮಾಚಾರ್ಯರು, ಇವತ್ತು ಲೋಕವೆಲ್ಲ ಮಾಡುತ್ತಿರುವ ಯೋಗಾಸನಕ್ಕೆ ರೂಪ ಕೊಟ್ಟವರು, 1888ರಲ್ಲಿ ಹುಟ್ಟಿದ್ದು ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. 1934ರಲ್ಲಿ ‘ಯೋಗ ಮಕರಂದ’ವನ್ನು ಬರೆದು ಪ್ರಕಟಿಸಿದ್ದು ಕನ್ನಡದಲ್ಲಿ. ಬಿ.ಕೆ.ಎಸ್. ಅಯ್ಯಂಗಾರ್, ಪಟ್ಟಾಭಿ ಜೋಯಿಸ್, ಯುರೋಪಿನಿಂದ ಬಂದ ಇಂದ್ರಾದೇವಿ ಎಲ್ಲ ಅವರ ಶಿಷ್ಯರು. ಇಷ್ಟು ತಿಳಿದದ್ದೇ ತಡ, ನಮ್ಮ ಷಡ್ಡಕರಿಗೆ ಯೋಗ ಎಂಬುದು ಜಿಲ್ಲೆಯ ಸ್ವತ್ತಾಯಿತು. ಅಮೆರಿಕದವರು ಆಸನ ಮಾಡುವ ವಿಡಿಯೋ ಕಂಡರೆ, ನಮ್ಮ ಹೊಲದ ಬದುವಿನಲ್ಲಿ ಯಾರೋ ಹುಲ್ಲು ಕೊಯ್ಯುತ್ತಿರುವುದನ್ನು ಸಹಿಸಿಕೊಂಡ ಯಜಮಾನನ ಗತ್ತಿನಲ್ಲಿ "ಮಾಡ್ಲಿ ಬಿಡ್ರಿ" ಎನ್ನುತ್ತಿದ್ದರು.

ಆ ಚರಿತ್ರೆಯಲ್ಲಿ ನನಗೆ ಹಿಡಿಸಿದ್ದು ಬೇರೆಯೇ. ಅಯ್ಯಂಗಾರರು 1918ರಲ್ಲಿ ಕೋಲಾರದ ಕಡೆಯ ಬೆಳ್ಳೂರಿನಲ್ಲಿ ಹುಟ್ಟಿದವರು. ಬಾಲ್ಯವೆಲ್ಲ ಮಲೇರಿಯಾ, ಟೈಫಾಯ್ಡ್, ಕ್ಷಯ. ಹದಿಹರೆಯದಲ್ಲಿ ಅಕ್ಕನ ಮನೆಗೆಂದು ಮೈಸೂರಿಗೆ ಬಂದ ಬಡಕಲು ಹುಡುಗ. ಅಕ್ಕನ ಗಂಡನೇ ಕೃಷ್ಣಮಾಚಾರ್ಯ. ಬಹಳ ಬಿರುಸಿನ ಭಾವ. ಅಭ್ಯಾಸವೇ ಇಲ್ಲದ ಹನುಮಾನಾಸನವನ್ನು ಜನರೆದುರು ಮಾಡು ಎಂದದ್ದಕ್ಕೆ ಮಾಡಿ, ತೊಡೆಯ ಸ್ನಾಯು ಹರಿದುಕೊಂಡದ್ದನ್ನು ಅಯ್ಯಂಗಾರರೇ ಮುಂದೆ ನೆನೆದಿದ್ದಾರೆ. ಅಂದರೆ ಯೋಗ ಲೋಕಕ್ಕೆಲ್ಲ ಹಬ್ಬಿದ್ದು ಹೆಣ್ಣು ಕೊಟ್ಟ ಮನೆಯ ನಂಟಸ್ತಿಕೆಯ ದಾರಿಯಲ್ಲೇ. ನನ್ನ ಪಾಡು ಹೊಸದೇನಲ್ಲ ಎಂದು ಆವತ್ತು ಸ್ವಲ್ಪ ಸಮಾಧಾನವಾಯಿತು.

ಈಗ ವಜ್ರಾಸನದ ಪ್ರಕರಣಕ್ಕೆ ಬರುತ್ತೇನೆ.

ಷಡ್ಡಕರ ಕಿರಿಮಗಳಿಗೆ ರಾಯದುರ್ಗದಿಂದ ಸಂಬಂಧ ಬಂದಿತ್ತು. ರಾಯದುರ್ಗ ಆಂಧ್ರಕ್ಕೆ ಸೇರಿದ್ದರೂ ಮೊಳಕಾಲ್ಮೂರಿಗೆ ಮಗ್ಗುಲ ಊರು. ಅಲ್ಲಿನವರು ವ್ಯಾಪಾರ ಕನ್ನಡದಲ್ಲಿ ಮಾಡಿ ಸಿಟ್ಟನ್ನು ತೆಲುಗಿನಲ್ಲಿ ತೀರಿಸಿಕೊಳ್ಳುತ್ತಾರೆ. ಹುಡುಗ ಒಳ್ಳೆಯವನು, ತಂದೆತಾಯಿ ಸಾಧುಗಳು. ತೊಡಕು ಒಂದೇ, ಹುಡುಗನ ದೊಡ್ಡಪ್ಪ. ಎಂಬತ್ತು ಕಿಲೋ ತೂಗುವ, ಜರಿ ಶಲ್ಯದ ಆಸಾಮಿ. ಆತನ ಕೀರ್ತಿ ಎಂದರೆ ಮಾತುಕತೆಯ ನಡುವೆ ಎದ್ದು ಹೋಗುವುದು. ಯಾವುದೇ ಸಂಬಂಧವಿರಲಿ, ಕೊಡುಕೊಳ್ಳುವ ಮಾತು ಒಂದು ಹಂತಕ್ಕೆ ಬಂದಾಗ, ಶಲ್ಯವನ್ನು ಹೆಗಲಿಗೆ ಬೀಸಿ, ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುವುದು. ಹೆಣ್ಣಿನ ಕಡೆಯವರು ಬೀದಿ ತುದಿಯವರೆಗೂ ಓಡಿ ಕೈ ಹಿಡಿದು ಕರೆದುಕೊಂಡು ಬರಬೇಕು. ಕರೆದುಕೊಂಡು ಬಂದವರು ಆಗಲೇ ಅರ್ಧ ಸೋತಿರುತ್ತಾರೆ. ಹೀಗೆ ಎದ್ದು ಹೋಗಿಯೇ ಆತ ಮನೆತನದ ಮದುವೆಗಳನ್ನೆಲ್ಲ ಗೆಲ್ಲಿಸಿದ್ದನಂತೆ.

ಇದೆಲ್ಲ ನಮಗೆ ಮೊದಲೇ ಗೊತ್ತಿತ್ತು. ಅತ್ತಿಗೆ ನನ್ನನ್ನು ಬಾಗಿಲ ಹತ್ತಿರವೇ ಕೂರಲು ಹೇಳಿದ್ದರು, ಆತ ಎದ್ದರೆ ಹಿಡಿಯಲು ಅನುಕೂಲವಾಗಲಿ ಎಂದು. ಊಟ ಭರ್ಜರಿಯಾಯಿತು. ಶೇಂಗಾ ಹೋಳಿಗೆ, ತುಪ್ಪ, ಚಿತ್ರಾನ್ನ, ಬಜ್ಜಿ. ದೊಡ್ಡಪ್ಪ ಹೋಳಿಗೆಯ ಲೆಕ್ಕ ಇಡುವ ಪೈಕಿಯಲ್ಲ. ಕೈ ತೊಳೆದು ಬಂದು ಜಮಖಾನದ ಮೇಲೆ ಗೋಡೆಗೆ ಒರಗಿ, ಉಸ್ಸಪ್ಪಾ ಎಂದು ಹೊಟ್ಟೆಯ ಮೇಲೆ ಕೈಯಾಡಿಸಿದ. ನಮ್ಮ ಷಡ್ಡಕರ ಕಣ್ಣು ಹೊಳೆಯಿತು. ನಾನು ಕಣ್ಣಲ್ಲೇ ಬೇಡ ಬೇಡ ಎಂದೆ. ಕೇಳುತ್ತಾರೆಯೇ?

"ಉಂಡ ಮ್ಯಾಲೆ ಒರಗಬಾರದು ಯಜಮಾನ್ರೇ. ಊಟ ಆದ ಮೇಲೆ ಮಾಡೋ ಆಸನ ಒಂದೇ ಐತೆ, ವಜ್ರಾಸನ. ಹತ್ತು ನಿಮಿಷ ಕುಂತ್ರೆ ಸಾಕು, ಕಲ್ಲು ತಿಂದಿದ್ರೂ ಕರಗ್ತದೆ."

ಆತ ಒಪ್ಪಲಿಲ್ಲ. ವಯಸ್ಸಾಯ್ತು, ಮೈ ಬಗ್ಗೋದಿಲ್ಲ ಎಂದ. ಆಗ ಇವರು ಸೀರೆ ವ್ಯಾಪಾರದ ಮಾತು ತೆಗೆದರು. ಬೇಡವೆಂದು ಎದ್ದ ಗಿರಾಕಿಗೇ ಎರಡು ಸೀರೆ ಮಾರಿದ ಬಾಯಿ ಅದು. "ನಿಮ್ಮ ಮೈಕಟ್ಟು ನೋಡಿದ್ರೆ ಗೊತ್ತಾಗ್ತದೆ ಬಿಡ್ರಿ, ಹುಡುಗರಾಗಿದ್ದಾಗ ಗರಡಿ ಮಾಡಿದೋರು. ಇದೇನು ನಿಮಗೆ ಲೆಕ್ಕನಾ? ನಮ್ಮ ಮೇಷ್ಟ್ರಂಥೋರಿಗೆ ಆದ್ರೆ ನಾನು ಹೇಳ್ತಿರಲಿಲ್ಲ." ದೊಡ್ಡಪ್ಪ ನನ್ನ ಹೊಟ್ಟೆಯ ಕಡೆ ಒಮ್ಮೆ ನೋಡಿದ. ಅಷ್ಟು ಸಾಕಾಯಿತು. ಇಬ್ಬರ ಹೆಗಲು ಹಿಡಿದು ಮಂಡಿಯೂರಿ, ಹಿಮ್ಮಡಿಯ ಮೇಲೆ ಭಾರ ಹಾಕಿ, ಕೂತೇಬಿಟ್ಟ. ಮಾತುಕತೆ ಶುರುವಾಯಿತು.

ಎಷ್ಟು ಜನ, ಯಾವ ತಿಂಗಳು, ಯಾವ ಪುರೋಹಿತರು ಎಲ್ಲ ಸುಗಮವಾಗಿ ಮುಗಿದು, ಕೊನೆಗೆ ಮದುವೆ ಎಲ್ಲಿ ಎಂಬಲ್ಲಿಗೆ ಬಂತು. ರಾಯದುರ್ಗದಲ್ಲೇ ಆಗಬೇಕು, ಖರ್ಚು ಹೆಣ್ಣಿನವರದು ಎಂದು ದೊಡ್ಡಪ್ಪ. ಮೊಳಕಾಲ್ಮೂರಲ್ಲೇ ಎಂದು ಷಡ್ಡಕರು. ದನಿ ಏರಿತು. ನಾನು ಬಾಗಿಲ ಬಳಿ ಸಿದ್ಧನಾದೆ. ದೊಡ್ಡಪ್ಪ ಶಲ್ಯವನ್ನು ಹೆಗಲಿಗೆ ಬೀಸಿದ.

"ಹಂಗಾದ್ರೆ ನಾವು ಎದ್ದು ಹೋಗ್ತೀವಿ!"

ಹುಡುಗನ ಕಡೆಯವರೆಲ್ಲ ಅಭ್ಯಾಸಬಲದಿಂದ ಅರ್ಧ ಎದ್ದರು. ದೊಡ್ಡಪ್ಪ ಏಳಲಿಲ್ಲ. ಸೊಂಟದಿಂದ ಮೇಲಿನ ಭಾಗ ನಾಲ್ಕು ಬೆರಳು ಮೇಲಕ್ಕೆ ಹೋಗಿ, ಮತ್ತೆ ಅಲ್ಲೇ ಬಂದು ಕೂತಿತು. ಮುಖದ ಮೇಲೆ ಮೊದಲು ಸಿಟ್ಟು, ಆಮೇಲೆ ಅನುಮಾನ, ಆಮೇಲೆ ಭಯ ಹಾದುಹೋದವು. ಇನ್ನೊಮ್ಮೆ ಪ್ರಯತ್ನಿಸಿದ. ಶಲ್ಯ ಜಾರಿ ಬಿತ್ತು. ಕೊನೆಗೆ ಸಣ್ಣ ದನಿಯಲ್ಲಿ ತೆಲುಗು ಬಂತು: "ಕಾಲು ಪಟ್ಟೇಸಿಂದಿರಾ..."

ಎರಡೂ ಕಾಲು ಜೋಮು ಹಿಡಿದು ಮರಗಟ್ಟಿದ್ದವು. ಹಿರಿಯರನ್ನು ಬಿಟ್ಟು ಹೋಗುವುದು ಮರ್ಯಾದೆಯಲ್ಲವಲ್ಲ, ಅರ್ಧ ಎದ್ದವರೆಲ್ಲ ಒಬ್ಬೊಬ್ಬರಾಗಿ ಮತ್ತೆ ಕೂತರು. ಷಡ್ಡಕರು ಕಿಂಚಿತ್ತೂ ನಗಲಿಲ್ಲ. ಪಕ್ಕದಲ್ಲಿ ಕೂತು, ಬೆನ್ನು ಸವರಿ, "ಗಾಬರಿ ಬ್ಯಾಡ, ಮೂಗಿಂದ ಎಳ್ಕಳ್ರಿ, ನಿಧಾನ ಬಿಡ್ರಿ" ಎಂದು ಪ್ರಾಣಾಯಾಮ ಶುರು ಮಾಡಿಸಿದರು. ಆತನನ್ನು ಮಗ್ಗುಲಿಗೆ ಹೊರಳಿಸಿ, ಕಾಲು ಬಿಡಿಸಿ, ಇಬ್ಬರು ಹುಡುಗರು ಎಣ್ಣೆ ತಿಕ್ಕಿದರು. ಚಳ್ಳಕೆರೆಯ ಶೇಂಗಾ ಎಣ್ಣೆಯೇ. ಈ ಗಲಾಟೆಯ ನಡುವೆ ಅಡುಗೆಮನೆಯ ಹೊಸಿಲ ಹತ್ತಿರ ನಮ್ಮ ಅತ್ತಿಗೆಯೂ ಹುಡುಗನ ತಾಯಿಯೂ ಕಾಫಿ ಲೋಟ ಹಿಡಿದುಕೊಂಡು ಐದು ನಿಮಿಷ ಮಾತಾಡಿದರು. ಮದುವೆ ಮೊಳಕಾಲ್ಮೂರಲ್ಲಿ, ಬೀಗರೂಟ ರಾಯದುರ್ಗದಲ್ಲಿ, ಛತ್ರದ ಬಾಡಿಗೆ ಅರ್ಧರ್ಧ. ದೊಡ್ಡಪ್ಪನ ಕಾಲಿಗೆ ರಕ್ತ ಬರುವ ಹೊತ್ತಿಗೆ ಎಲೆ ಅಡಿಕೆ ಬದಲಾಯಿಸಿ ಆಗಿತ್ತು. ಆತ ಎದ್ದು, ಆಗತಾನೆ ಹುಟ್ಟಿದ ಎಮ್ಮೆಗರುವಿನ ಹಾಗೆ ನಾಲ್ಕು ಹೆಜ್ಜೆ ಇಟ್ಟು, ಕಾರು ಹತ್ತಿದ.

ಅಂದಿನಿಂದ ಷಡ್ಡಕರು ಹೇಳುವ ಪ್ರಕಾರ ಆ ಮದುವೆ ಮಾಡಿಸಿದ್ದು ಯೋಗಶಕ್ತಿ. ಈಗ ಆ ದೊಡ್ಡಪ್ಪನೂ ಯೋಗಕ್ಕೆ ಬಿದ್ದಿದ್ದಾನೆ. ಅವನ ಫೋಟೋಗಳೂ ನನಗೇ ಬರುತ್ತವೆ.

ಷಡ್ಡಕರ ಯೋಗದ ಗುರುವನ್ನು ನಾನು ನೋಡಿದ್ದು ಆ ಮದುವೆಯಲ್ಲೇ. ಹಳೆಯ ಡ್ರಿಲ್ ಮೇಷ್ಟ್ರು, ಎಂಬತ್ತರ ಆಸುಪಾಸು, ಕೋಲು ದೇಹ. ಹುಡುಗನಾಗಿದ್ದಾಗ ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ರಾಘವೇಂದ್ರ ಸ್ವಾಮೀಜಿಯವರ ಶಿಬಿರದಲ್ಲಿ ಕಲಿತವರು. ತಿರುಕ ಎಂಬ ಹೆಸರಲ್ಲಿ ಬರೆದ, ಅನಾಥ ಸೇವಾಶ್ರಮ ಕಟ್ಟಿ, ಔಷಧಿ ಕೊಟ್ಟು, ಊರೂರಿನ ಹುಡುಗರಿಗೆ ಆಸನ ಕಲಿಸಿದ ಆ ಸ್ವಾಮೀಜಿ 1996ರಲ್ಲಿ ತೀರಿಕೊಂಡರು. ಅವರ ಕೈಯಲ್ಲಿ ಪಳಗಿದ ಮುದುಕರು ಈಗಲೂ ನಮ್ಮ ಜಿಲ್ಲೆಯಲ್ಲಿ ಅಲ್ಲಲ್ಲಿ ಸಿಗುತ್ತಾರೆ. ಗುರುತು ಹಿಡಿಯುವುದು ಕಷ್ಟ. ಅವರು ಯೋಗದ ಮಾತೇ ಎತ್ತುವುದಿಲ್ಲ, ಪಂಕ್ತಿಯಲ್ಲಿ ನೆಲದ ಮೇಲೆ ಕೂತವರು ಕೈ ಊರದೆ ಏಳುತ್ತಾರೆ, ಅಷ್ಟೇ. ನಿಮ್ಮ ಶಿಷ್ಯರು ಹೇಗೆ ಎಂದು ಕೇಳಿದೆ. "ಬಾಯಿ ಚೆನ್ನಾಗಿ ಬಗ್ಗುತ್ತೆ. ಬೆನ್ನು ಬಗ್ಗಿದ್ದು ಏಳ್ತಾ ಇಲ್ಲ" ಎಂದರು.

ನಾನು ನಕ್ಕು, ಈ ಮಾತನ್ನು ಅತ್ತಿಗೆಗೆ ಚಾಡಿ ಹೇಳಿದೆ. ಅತ್ತಿಗೆ ನಗಲಿಲ್ಲ. ಒಳಗೆ ಕರೆದುಕೊಂಡು ಹೋಗಿ ಬೀರುವಿನ ಹಿಂದಿನಿಂದ ಒಂದು ದೊಡ್ಡ ಕವರು ತೆಗೆದರು. ಬೆನ್ನಿನ ಎಕ್ಸ್‌ರೇ. ಅದೇ ರಿಪೋರ್ಟು.

ಷಡ್ಡಕರ ತಂದೆ ಮಗ್ಗದವರು. ಮೊಳಕಾಲ್ಮೂರಿನ ಗುಂಡಿ ಮಗ್ಗ ನೋಡಿದವರಿಗೆ ಗೊತ್ತು: ಕಾಲು ನೆಲದ ಗುಂಡಿಯೊಳಗೆ ತುಳಿಗೋಲಿನ ಮೇಲೆ, ಮೈ ಗುಂಡಿಯ ಅಂಚಿನ ಮೇಲೆ, ಕಣ್ಣು ಸೀರೆಯ ಅಂಚಿನ ಮೇಲೆ. ಬೆಳಗಿನಿಂದ ಕತ್ತಲಾಗುವವರೆಗೆ ಬೆನ್ನು ಬಗ್ಗಿರಬೇಕು. ಸೀರೆ ಬೆಳೆಯುವುದು ಬೆರಳಿನ ಲೆಕ್ಕದಲ್ಲಿ. ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಬಂದಿದೆ, ನೇಯ್ದವರ ಬೆನ್ನಿಗೆ ಅಂಥದ್ದೇನೂ ಬಂದಿಲ್ಲ. ಆ ಮುದುಕ ಕೊನೆಯ ವರ್ಷಗಳಲ್ಲಿ ನೆಲವನ್ನೇ ನೋಡುತ್ತ ನಡೆಯುತ್ತಿದ್ದರು. ಮಾತಾಡಿಸಿದವರು ಯಾರೆಂದು ಪಾದ ನೋಡಿ ಗುರುತಿಸುತ್ತಿದ್ದರು. ಸತ್ತಾಗ ಚಟ್ಟದ ಮೇಲೆ ನೆಟ್ಟಗೆ ಮಲಗಿಸಲಾಗಲಿಲ್ಲವಂತೆ. ನಾಲ್ಕು ಜನ ಒತ್ತಿ ಹಿಡಿದರೂ ನಡುವಿನ ಕೆಳಗೆ ಸಂದು ಉಳಿದೇ ಇತ್ತಂತೆ, ಅಲ್ಲಿಗೆ ಹಳೆಯ ಪಂಚೆ ಸುತ್ತಿ ಇಟ್ಟರಂತೆ. ಒತ್ತಿ ಹಿಡಿದವರಲ್ಲಿ ಮಗನೂ ಒಬ್ಬರು.

ಮಗ ಮಗ್ಗ ಬಿಟ್ಟು ಗಾದಿಯ ಮೇಲೆ ಕೂತರು. ಗಾದಿಯ ಮೇಲೆ ಲೆಕ್ಕದ ಪುಸ್ತಕಕ್ಕೆ ಬಗ್ಗುವುದೂ ಬಗ್ಗುವುದೇ ಎಂದು ಎಕ್ಸ್‌ರೇ ಹೇಳಿತು.

ಇದನ್ನು ಕೇಳಿದ ಮೇಲೆ ಅವರ ಫೋಟೋಗಳನ್ನು ಅಳಿಸುವುದಕ್ಕೆ ಮನಸ್ಸು ಬರಲಿಲ್ಲ. ಅದೂ ಒಂದು ಕಿರಿಕಿರಿಯೇ. ನಿಶ್ಚಿಂತೆಯಿಂದ ರೇಗುವುದಕ್ಕೆ ಒಬ್ಬ ಮನುಷ್ಯ ಇದ್ದರು, ಈಗ ಅದಕ್ಕೂ ಕಲ್ಲು ಬಿತ್ತು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳ ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಮಾತನ್ನು ನಮ್ಮ ಕಡೆ ಕೂಲಿ ಕೊಡುವಾಗ, ಕೂಲಿ ಕೇಳುವಾಗ ಎರಡಕ್ಕೂ ಬಳಸುತ್ತಾರೆ. ಮೈಯ ವಿಷಯಕ್ಕೆ ಬಂದರೆ ಹಾಗಲ್ಲ ಎಂದು ತೋರುತ್ತದೆ. ಅಪ್ಪ ಮಾಡಿದ್ದಕ್ಕೂ ಮಗ ಕೊಡಬೇಕಾಗುತ್ತದೆ.

ಆಮೇಲೆ ನಿಧಾನವಾಗಿ ಫೋಟೋಗಳು ಬರುವುದು ನಿಂತಿತು. ಹೊಸ ಯೋಗಿಗಳ ಸಾಮಾನ್ಯ ಗತಿ ಇದೇ ಇರಬೇಕು, ಬಿಟ್ಟರೇನೋ ಎಂದುಕೊಂಡೆ. ಒಮ್ಮೆ ಹೋದಾಗ ನೇರಳೆ ಮ್ಯಾಟು ಮಾಳಿಗೆಯ ಮೇಲೆ ಬಿಸಿಲಲ್ಲಿತ್ತು, ಅದರ ತುಂಬ ಅತ್ತಿಗೆಯ ಸಂಡಿಗೆ. "ಬಿಟ್ಟರಾ?" ಎಂದೆ. "ಎಲ್ಲಿ ಬಿಟ್ರು? ಕಂಬಳಿ ಹಾಸ್ಕಂತಾರೆ. ಮಾತೇ ಆಡಲ್ಲ ಈಗ. ನನಗೇ ಬ್ಯಾಸರ" ಎಂದರು.

ಷಡ್ಡಕರೇ ಆ ಭಾನುವಾರ ಜಟಿಂಗ ರಾಮೇಶ್ವರ ಬೆಟ್ಟಕ್ಕೆ ಹೋಗೋಣ ಎಂದರು. ಜಟಾಯು ಬಿದ್ದ ಬೆಟ್ಟವೆಂದು ಪ್ರತೀತಿ. ನನ್ನಂಥವನು ಮೆಟ್ಟಿಲು ಹತ್ತಿದರೆ ಜಟಾಯುವಿನ ಕಷ್ಟ ಮನದಟ್ಟಾಗುತ್ತದೆ. ಅವರು ಮುಂದೆ, ನಾನು ಹಿಂದೆ. ಮೂಗಿನಿಂದ ಉಸಿರಾಡಿ ಎನ್ನಲಿಲ್ಲ, ಬೆನ್ನು ನೆಟ್ಟಗಿಟ್ಟುಕೊಳ್ಳಿ ಎನ್ನಲಿಲ್ಲ. ಹೀಗೆ ಸುಮ್ಮನಿದ್ದವರ ಜೊತೆ ಬೆಟ್ಟ ಹತ್ತುವುದು ಎಷ್ಟು ಕಷ್ಟ! ಉಪದೇಶ ಮಾಡುವವರಾದರೆ ಕೇಳುವ ನೆಪದಲ್ಲಿ ನಿಂತು ದಣಿವಾರಿಸಿಕೊಳ್ಳಬಹುದು. ಕೊನೆಗೆ ನಾನೇ ಉಪದೇಶಕ್ಕೆ ಇಳಿದೆ. ಮೇಷ್ಟ್ರ ಚಟ.

ಈ ಬೆಟ್ಟದ ಮೇಲೆ ಅಶೋಕನ ಶಾಸನವಿದೆ; ಮೊಳಕಾಲ್ಮೂರು ತಾಲ್ಲೂಕೊಂದರಲ್ಲೇ ಬ್ರಹ್ಮಗಿರಿ, ಸಿದ್ದಾಪುರ, ಇಲ್ಲಿ ಎಂದು ಮೂರು ಕಡೆ. ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದದ್ದು. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಕಳಿಸಿದ್ದು, ಶುರುವಾಗುವುದೇ ಆರೋಗ್ಯ ವಿಚಾರಿಸುವ ಮಾತಿನಿಂದ. ಅದರಲ್ಲಿ ಚಕ್ರವರ್ತಿ ತನ್ನ ಸಂಗತಿ ಹೇಳಿಕೊಳ್ಳುತ್ತಾನೆ. ತಾನು ಉಪಾಸಕನಾಗಿ ಎರಡೂವರೆ ವರ್ಷ ದಾಟಿತು, ಮೊದಲ ವರ್ಷ ಅಷ್ಟೇನೂ ಶ್ರದ್ಧೆಯಿಂದ ದುಡಿಯಲಿಲ್ಲ, ಸಂಘದ ಹತ್ತಿರ ಹೋದ ಮೇಲೆ ಒಂದು ವರ್ಷದಿಂದೀಚೆಗೆ ಬಹಳ ಪ್ರಯತ್ನ ಮಾಡುತ್ತಿದ್ದೇನೆ, ದೊಡ್ಡವರಷ್ಟೇ ಅಲ್ಲ ಸಣ್ಣವರೂ ಪ್ರಯತ್ನಪಟ್ಟರೆ ಸಾಧಿಸಬಹುದು, ಎಲ್ಲರೂ ಮಾಡಿ ಎಂದು. ಒಂದು ವರ್ಷ ಮೈಬಗ್ಗಿಸಿದ್ದಕ್ಕೆ ದೇಶದ ಬಂಡೆಗಳ ಮೇಲೆಲ್ಲ ಕೆತ್ತಿಸಿಬಿಟ್ಟ ನೋಡಿ ಅಣ್ಣಾರೇ, ನಿಮ್ಮದು ಬರೀ ಫೋನು ಎಂದೆ. ಮೇಲೆ ಹೋಗಿ ನೋಡಿದರೆ ಬ್ರಹ್ಮಗಿರಿಯ ಶಾಸನದಷ್ಟು ಇದು ಸ್ಪಷ್ಟವಿಲ್ಲ, ಬಹಳ ಸವೆದಿದೆ. ಈ ಬಂಡೆಗೆ ಬಳೆಗಾರನ ಗುಂಡು ಎಂದೇ ಹೆಸರು. ಜಾತ್ರೆಯಲ್ಲಿ ಬಳೆಗಾರರು ಇದರ ಮೇಲೆ ಬಳೆ ಹರಡಿಕೊಂಡು ಕೂರುತ್ತಿದ್ದರಂತೆ. ಷಡ್ಡಕರು ಬಂಡೆಯನ್ನು ಬಹಳ ಹೊತ್ತು ನೋಡಿ, "ನಮ್ಮ ಮನೇಲಿ ಸಂಡಿಗೆ" ಎಂದರು.

ಇಳಿಯುವಾಗ ಅರ್ಧ ದಾರಿಯಲ್ಲಿ ನನ್ನ ಮಂಡಿ ನಡುಗತೊಡಗಿತು. ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅವರು ಪಕ್ಕದಲ್ಲಿ ಕೂತು ಎದುರಿನ ಬಯಲು ನೋಡುತ್ತ ಸುಮ್ಮನಿದ್ದರು. ಎಷ್ಟು ಹೊತ್ತಾದರೂ ಏನೂ ಹೇಳಲಿಲ್ಲ. ಕಡೆಗೆ ತಡೆಯಲಾರದೆ ನಾನೇ ಕೇಳಿದೆ.

"ಅಣ್ಣಾರೇ, ಈ ಉಸಿರು ಹೆಂಗೆ ತಗೋಬೇಕು ಅಂತ ಹೇಳ್ತಿದ್ರಲ್ಲ..."

ಅವರು ತಿರುಗಿ ನೋಡಿದರು. ನಾನು ತಮಾಷೆಗೆ ಕೇಳುತ್ತಿದ್ದೇನೆಯೇ ಎಂದು ಒಂದು ಕ್ಷಣ ಪರೀಕ್ಷಿಸಿದರು. ಆಮೇಲೆ ಮುಖ ಅರಳಿ, ಅಂಗಿಯ ತೋಳು ಮಡಿಸಿ, ನನ್ನತ್ತ ಪೂರ್ತಿ ತಿರುಗಿ ಕೂತರು. ಪೂರಕ, ರೇಚಕ, ಕುಂಭಕ. ಬಲ ಮೂಗು, ಎಡ ಮೂಗು. ಬೆಟ್ಟಗುಡ್ಡಗಳ ಈ ಸೀಮೆ ಯೋಗಕ್ಕೆ ಹೊಸದಲ್ಲ, ನುಂಕೆಮಲೆಯ ಭೈರವನ ಸನ್ನಿಧಿಯಲ್ಲಿ ನಾಥಪಂಥದ ಸಿದ್ಧರು ಹಠಯೋಗ ಮಾಡಿದವರು, ಅವರ ಮುಂದೆ ಕೃಷ್ಣಮಾಚಾರ್ಯರೂ ನಿನ್ನೆ ಮೊನ್ನೆಯವರು. ಮಂಡಿಗೆ ಯಾವ ಆಸನ, ಹೊಟ್ಟೆಗೆ ಯಾವುದು, ನನ್ನ ಹೊಟ್ಟೆಗೆ ಯಾವುದೂ ಯಾಕೆ ಸಾಲದು. ಸಿದ್ದಾಪುರದ ಕಡೆ ದೀಪ ಹತ್ತಿದರೂ ಅವರು ಇನ್ನೂ ಎಡ ಮೂಗಿನಲ್ಲೇ ಇದ್ದರು.

ಚಳ್ಳಕೆರೆಯ ಬಸ್ಸು ತಪ್ಪಿತು. ರಾತ್ರಿ ಅವರ ಮನೆಯಲ್ಲೇ ಉಳಿದೆ. ಬೆಳಿಗ್ಗೆ ಐದಕ್ಕೆ ಎಬ್ಬಿಸ್ತೀನಿ ಎಂದಿದ್ದರು, ನಾಲ್ಕೂವರೆಗೇ ಎಬ್ಬಿಸಿದರು.